ಅಕ್ಕಾರ ಹೆಸರಿನ ಫೋಲ್ಡರ್

ಅಕ್ಕಾರ ಬಲಗೈಯ ಕಿರುಬೆರಳು ಕೊಕ್ಕೆಯಂತೆ ಬಾಗಿತ್ತು. ಟೈಪ್ ಮಾಡುವಾಗ ಅದೊಂದು ಮಾತ್ರ ಗಾಳಿಯಲ್ಲಿ ನಿಂತಿರುತ್ತಿತ್ತು. ಚಿಕ್ಕಂದಿನಲ್ಲಿ ಆಂಟಾಪ್ ಹಿಲ್‌ನ ಮನೆಯ ಬಾಗಿಲಿಗೆ ಸಿಕ್ಕಿತ್ತಂತೆ. ಎಡಗೈಯೂ ಇರಬಹುದು, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಅದೇ ಊರಿನ ವಿಲೆ ಪಾರ್ಲೆಯ ನಮ್ಮ ಕಚೇರಿಯಲ್ಲಿ ಅವರು ಹಿರಿಯ ಪ್ರೋಗ್ರಾಮರ್, ಮನೆತನ ವಿಜಯಪುರದ ಕಡೆಯದು; ನಾನು ಅಕ್ಕಾರ ಎಂದೇ ಕರೆಯುತ್ತಿದ್ದೆ. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಿದ್ದೆ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಪ್ರಾಜೆಕ್ಟಿನ ಸಿದ್ಧ ಕೋಡಿನ ಲೈಬ್ರರಿಗಳು ಇನ್ನೊಂದರವನ್ನು ಕೆಡಿಸದಂತೆ ಪ್ರತಿಯೊಂದಕ್ಕೂ ಬೇರೆ ಕೋಣೆಯಂತೆ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ ಕಟ್ಟಬೇಕಲ್ಲ, ಅದಕ್ಕೆ ಯಾವ ಟೂಲ್ ಎಂಬುದೇ ನಮ್ಮ ನಿತ್ಯದ ಜಗಳ. ಅವರು ಪೈಥಾನ್ ಭಾಷೆಯ ಜೊತೆಗೇ ಬರುವ ವೆನ್ವ್ ಎಂಬ ಟೂಲನ್ನು ಬಿಡುತ್ತಿರಲಿಲ್ಲ.

“ಅಕ್ಕಾರ, ಕೊಂಡಾ ಅನ್ನೋ ಟೂಲ್ ಒಮ್ಮೆ ನೋಡ್ರಿ.”

“ಹೋದ ವಾರ ಮತ್ತೊಂದಕ್ಕ ಹಿಂಗ ಕುಣಿದಿದ್ದಿ. ಹೊಸಾದು ಬಂತಂತ ಗಂಡನ್ನ ಬದಲ್ ಮಾಡಾಕ ಬರ್ತೈತೇನೋ ತಮ್ಮಾ? ಚಹಾ ಕುಡಿ.”

ಒಂದು ದಿನ ವಿಮಾನ ನಿಲ್ದಾಣದ ಹತ್ತಿರದ ಗೋದಾಮೊಂದಕ್ಕೆ ನಮ್ಮ ಪ್ರೋಗ್ರಾಂ ಹಾಕಬೇಕಿತ್ತು. ಅಂದು ಅದು ನಡೆಯದಿದ್ದರೆ ನೀನು ನಾಳೆ ಬರಬೇಡ ಎಂದು ಮ್ಯಾನೇಜರ್ ನನಗೆ ಹೇಳಿದ್ದರು. ಗೋದಾಮಿನ ಕಂಪ್ಯೂಟರ್ ಕೋಣೆಗೆ ಕಿಟಕಿಯಿಲ್ಲ, ಇಂಟರ್‌ನೆಟ್ ಇಲ್ಲ. ನಮ್ಮಿಬ್ಬರ ಮೊಬೈಲುಗಳನ್ನು ಗೇಟಿನಲ್ಲೇ ಇಸಿದುಕೊಂಡರು. ಕಾವಲುಗಾರ ಹೊರಗಿನಿಂದ ಕಾರ್ಡ್ ತೋರಿಸಿದರಷ್ಟೇ ಬಾಗಿಲು ತೆರೆಯುತ್ತಿತ್ತು.

ಅಕ್ಕಾರು ವೆನ್ವ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ನಲ್ಲಿ ತಂದಿದ್ದರು. ಪ್ರೋಗ್ರಾಂ ಏಳಲಿಲ್ಲ. ಆ ಫೋಲ್ಡರಿನ ಫೈಲುಗಳೊಳಗೆ ಅವರ ಕಂಪ್ಯೂಟರಿನಲ್ಲಿ ಅದು ಇದ್ದ ವಿಳಾಸ, ಅವರ ಹೆಸರಿನ ಫೋಲ್ಡರಿನಿಂದ ಶುರುವಾಗುವ ದಾರಿಯೇ, ಬರೆದುಕೊಂಡಿರುತ್ತದೆ. ಬೇರೆ ಜಾಗಕ್ಕೆ ಒಯ್ದರೆ ಅದು ಕೆಲಸ ಮಾಡದು.

ಅಲ್ಲಿನ ಲ್ಯಾಂಡ್‌ಲೈನಿಗೆ ಮ್ಯಾನೇಜರ್ ಫೋನು ಬಂತು. ಅಕ್ಕಾರೇ ಎತ್ತಿದರು. “ಗಲತಿ ಮೇರೀ ಹೈ, ಸರ್. ಇಸನೇ ತೋ ಮನಾ ಕಿಯಾ ಥಾ.”

ತಪ್ಪು ಅವರದೇ, ನಿಜ. ಆದರೆ ಅವರೆಂದಂತೆ, ಫೋಲ್ಡರನ್ನು ಹಾಗೆ ತರುವುದು ಬೇಡವೆಂದು ನಾನು ಹೇಳಿದ್ದೆನೇ? ಇಂದಿಗೂ ಗೊತ್ತಿಲ್ಲ. ಫೋನಿಟ್ಟ ಕೂಡಲೇ ಅವರನ್ನೇ ಕೇಳಿದೆ.

“ಹೇಳಿದ್ದಿ ಬಿಡೋ. ದಿನಾ ಏನರ ಒಂದ್ ಬ್ಯಾಡ ಅಂತಿದ್ದಿ, ಅದರಾಗ ಇದೂ ಇರ್ಬೇಕು.”

ಆಮೇಲೆ ಅವರು ಆ ಕಂಪ್ಯೂಟರಿನಲ್ಲಿ ತಮ್ಮದೇ ಹೆಸರಿನ ಫೋಲ್ಡರ್ ಮಾಡಿ, ಒಳಗೆ ಅದೇ ದಾರಿ ಹಾಕಿ, ಎಲ್ಲವನ್ನೂ ಅಲ್ಲಿಗೆ ಸರಿಸಿದರು. ಎರಡೂ ಕಡೆ ಪೈಥಾನಿನ ಆವೃತ್ತಿ ಒಂದೇ ಇತ್ತು. ಪ್ರೋಗ್ರಾಂ ಎದ್ದು ಕೂತಿತು.

“ಈಗ ನಾನೂ ಇಲ್ಲೇ ಸಿಕ್ಕೊಂಡ್ನಿ ನೋಡು,” ಎಂದು ನಕ್ಕರು.

ನನ್ನ ನೌಕರಿ ಉಳಿಯಿತು. ಇನ್ನೂ ಉಳಿದಿದೆ, ನಾನು ಅದರಲ್ಲೇ ಉಳಿದಿದ್ದೇನೆ. ಅಕ್ಕಾರು ಹೋದ ವರ್ಷ ಜ್ವರವೆಂದು ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ಟೂಲ್ ಆರಿಸುವ ಅಧಿಕಾರ ಈಗ ನನ್ನದು, ಜಗಳಕ್ಕೆ ಯಾರೂ ಇಲ್ಲ. ಮೊನ್ನೆ ಗೋದಾಮಿನ ಅದೇ ಕೋಣೆಯಲ್ಲಿ ಕೂತು ಎಲ್ಲವನ್ನೂ ಹೊಸ ಟೂಲಿಗೆ ಬದಲಾಯಿಸಿದೆ. ಹಳೆಯದರ ಅಗತ್ಯ ಇನ್ನಿಲ್ಲ. ಅವರ ಹೆಸರಿನ ಫೋಲ್ಡರನ್ನು ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು.

ಬೇಡ ಎಂದು ಒತ್ತಿದೆ. ಈ ಸಲ ಹೇಳಿದ್ದು ನನಗೆ ಖಚಿತವಾಗಿ ನೆನಪಿದೆ.