ನೋಡದ್ದಕ್ಕೆ ಹಸಿರು ಹಚ್ಚಲಿಲ್ಲ

ನಾನು ಸಿವಿಲ್ ಡಿಪ್ಲೊಮಾ ಓದಿದವಳು. ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ ಎಂಟು ವರ್ಷ ಜನರ ಮನೆಗಳ ನಕ್ಷೆ ಬರೆದುಕೊಂಡಿದ್ದೆ. ಆಮೇಲೆ ಒಂದು ಗುತ್ತಿಗೆ ಕಂಪನಿಯವರು ಕರೆದರು. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರಿನ ಹಳೆಯ ರೈಲ್ವೆ ಕಟ್ಟಡಗಳನ್ನು ಕಂಪ್ಯೂಟರಿನಲ್ಲಿ ಇದ್ದದ್ದು ಇದ್ದಂತೆ ಕಟ್ಟುವ ಕೆಲಸ. ಗೋಡೆ, ಕಂಬ, ನೀರಿನ ಪೈಪು, ಗಟಾರು ಎಲ್ಲವನ್ನೂ ಅಳೆದು ಮಾಡೆಲ್ಲಿಗೆ ಸೇರಿಸಬೇಕು. ಮುಂದೆ ಎಲ್ಲಿ ಸೋರಿದರೂ, ಎಲ್ಲಿ ಬಿರುಕು ಬಿಟ್ಟರೂ ರೈಲ್ವೆಯವರು ಅದನ್ನು ತೆರೆದು ನೋಡಿಯೇ ರಿಪೇರಿಗೆ ಇಳಿಯುತ್ತಾರೆ. ಕಣ್ಣಾರೆ ಕಂಡು ಅಳೆದದ್ದಕ್ಕೆ ಹಸಿರು ಬಣ್ಣ, ಕಾಣದ್ದಕ್ಕೆ ಬೂದು. ಬಣ್ಣ ಹಚ್ಚಿದವರ ಹೆಸರು ಪಕ್ಕದಲ್ಲಿ ತಾನಾಗಿಯೇ ಬೀಳುತ್ತಿತ್ತು.

ಈಗ ಹೇಳುವ ಸಂಗತಿ ಆ ಮೂರರಲ್ಲಿ ಯಾವ ಸ್ಟೇಶನ್ನಿನದು ಎಂದು ಹೇಳುವುದಿಲ್ಲ.

ಅಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಹೊಸ ಚಾವಣಿ ಬರುವುದಿತ್ತು. ಅದರ ಕಂಬಗಳ ಗುಂಡಿಗಳನ್ನು ನಮ್ಮ ಮಾಡೆಲ್ ನೋಡಿಕೊಂಡೇ ತೋಡುವವರಿದ್ದರು. ನೀರಿನ ಟಾಕಿಯಿಂದ ನಳಗಳಿಗೆ ಹೋಗುವ ಪೈಪು ನೆಲದೊಳಗಿತ್ತು. ನಾವು ಅಳೆಯುವ ಲೇಸರ್ ಯಂತ್ರಕ್ಕೆ ಅದು ಕಾಣುವುದಿಲ್ಲ. ಸ್ಟೇಶನ್ನಿನವರನ್ನು ಕೇಳಿದರೆ, ರೈಲ್ವೆಯಲ್ಲಿ ಪೈಪ್ ಫಿಟ್ಟರ್ ಆಗಿದ್ದು ರಿಟೈರಾದ ಮುದುಕರೊಬ್ಬರು ಹಲಗೇರಿಯಲ್ಲಿದ್ದಾರೆ, ಅವರಿಗೆ ಗೊತ್ತಿರಬಹುದು ಎಂದರು.

ಹೋಗಿ ಕರೆದೆ. ಮೊದಲು ಬರಲು ಒಪ್ಪಲಿಲ್ಲ. "ರಿಟೈರ್ ಆಗಿ ಇಷ್ಟು ವರ್ಷ ಆತು, ನೀರು ಎಲ್ಲಿಂದ ಬರತೈತಿ ಅಂತ ಒಬ್ಬರೂ ಕೇಳಲಿಲ್ಲ. ಈಗ ನಿಮ್ಮ ಕಂಪ್ಯೂಟರಿಗೆ ಬೇಕಾತೇನು?" ಎಂದರು.

"ಕಂಪ್ಯೂಟರಿಗಲ್ಲ ಅಜ್ಜಾರ, ನನಗ ಬೇಕು. ಗೊತ್ತಿಲ್ಲದ್ದನ್ನ ಬರಿಯಾಕ ಮನಸ್ಸಿಲ್ಲ," ಎಂದೆ.

ಮರುದಿನ ಬಂದರು. ಕೋಲು ಊರುತ್ತ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು, ಒಂದು ಕಡೆ ನಿಂತು, ಎಡಕ್ಕೆ ಸುತ್ತು ಹಾಕಿ ಮತ್ತೆ ಸಾಲಿಗೆ ಬಂದರು. "ಪೈಪು ಹಿಂಗ ಬಳಸಿ ಹೋಗೇತಿ ತಂಗಿ. ಇಲ್ಲೊಂದು ಬಾವಿ ಇತ್ತು, ಉಗಿಬಂಡಿಗೆ ನೀರು ಕೊಡತಿದ್ದದ್ದು. ಅದನ್ನ ಇಂಜಿನ್ ಬೂದಿ ಹಾಕಿ ಮುಚ್ಚಿದವರೊಳಗ ನಾನೂ ಒಬ್ಬ."

ನಾನು ಅಳತೆ ಹಿಡಿದೆ. ಮೂರನೆಯ ಕಂಬ ಬರುವುದು ಸರಿಯಾಗಿ ಆ ಬಾವಿಯ ಮೇಲೆಯೇ. ಪೈಪನ್ನೂ ಬಾವಿಯ ಸುತ್ತನ್ನೂ ಬೂದು ಬಣ್ಣದಲ್ಲಿ ಬರೆದು, ಹೇಳಿದವರು ನಿವೃತ್ತ ಫಿಟ್ಟರ್, ತೋಡಿ ನೋಡಬೇಕು ಎಂದು ಟಿಪ್ಪಣಿ ಹಾಕಿದೆ.

ನಮ್ಮ ಮ್ಯಾನೇಜರ್ ಅದನ್ನು ನೋಡಿ ಖುರ್ಚಿ ಎಳೆದುಕೊಂಡು ಬಂದು ಕುಂತರು.

"ಮೇಡಂ, ಹಳೇ ಡ್ರಾಯಿಂಗಿನ್ಯಾಗ ಬಾವಿ ಇಲ್ಲ. ಮುದುಕನ ಮಾತು ಕೇಳಿ ಬಾವಿ ಹಾಕ್ತೀರೇನು? ಪೈಪು ನೆಟ್ಟಗ ಎಳೀರಿ, ಹಸಿರು ಹಚ್ರಿ. ಶುಕ್ರವಾರ ಫೈಲು ಕೊಡಬೇಕು."

"ನೋಡಿಲ್ರಿ. ಹಚ್ಚೂದಿಲ್ಲ."

"ಎಲ್ಲಾರೂ ಹಚ್ಚತಾರ."

"ಅವರು ಹಚ್ಚಲಿ. ನನ್ನ ಹೆಸರು ಬೀಳತೈತಿ, ನಾ ಹಚ್ಚೂದಿಲ್ಲ."

ಅವರು ಖುರ್ಚಿ ಎಳೆದುಕೊಂಡು ತಮ್ಮ ಟೇಬಲ್ಲಿಗೆ ಹೋದರು. ಮಾತು ಮುಗಿಯಿತು ಅಂದುಕೊಂಡೆ, ಅದು ನನ್ನ ತಪ್ಪು. ಸೋಮವಾರ ಫೈಲು ತೆರೆದರೆ ಬಾವಿ ಮಾಯವಾಗಿತ್ತು. ಪೈಪು ದಾರ ಎಳೆದ ಹಾಗೆ ನೆಟ್ಟಗೆ, ಹಚ್ಚಹಸಿರಾಗಿ ಮಲಗಿತ್ತು. ಪಕ್ಕದಲ್ಲಿ ನನ್ನದೇ ಹೆಸರು. ನನ್ನ ಪಾಸ್‌ವರ್ಡು ಮ್ಯಾನೇಜರ್ ಹತ್ತಿರವೂ ಇತ್ತು. ನಾನು ಆಡದ ಮಾತನ್ನು ನನ್ನ ಬಾಯಿಂದ ಆಡಿಸಿದ್ದರು.

ಹಾವೇರಿಗೆ ಹೋಗಿ, ಕೆಲಸ ನೋಡಿಕೊಳ್ಳುವ ರೈಲ್ವೆ ಇಂಜಿನಿಯರ್ ಸಾಹೇಬರ ಮುಂದೆ ನಿಂತೆ. ಅವರು ಮಾಡೆಲ್ ತೆರೆದು, "ಇಲ್ಲಿ ನೀವ ಹಸಿರು ಹಚ್ಚೀರಲ್ಲ," ಎಂದರು.

"ಹೆಸರು ನನ್ನದ್ರೀ ಸಾಹೇಬ್ರ. ಹಸಿರು ನನ್ನದಲ್ಲ."

"ಹಂಗ ಬರದು ಕೊಡ್ತೀರೇನು? ಆಮ್ಯಾಲ ಕಂಪನಿಯವರು ನಿಮ್ಮನ್ನ ಇಟ್ಕೊಳ್ಳೂದಿಲ್ಲ ನೋಡ್ರಿ."

ಅಲ್ಲಿಯೇ ಹಾಳೆ ಇಸಿದುಕೊಂಡು ಕನ್ನಡದಲ್ಲಿ ಬರೆದೆ, ಸಹಿ ಮಾಡಿದೆ, ನಕಲಿನ ಮೇಲೆ ಶಿಕ್ಕಾ ಹಾಕಿಸಿಕೊಂಡೆ. ಬಸ್ಸಿನಲ್ಲಿ ಬರುವಾಗ ಮನೆಯವರಿಗೆ ಫೋನು ಮಾಡಿ, ಕೆಲಸ ಹೋಗಬಹುದು ಅಂದೆ. "ಊಟಕ್ಕ ಬರ್ತಿ ಇಲ್ಲೋ?" ಅಂದರು. ಅಷ್ಟೇ.

ಎರಡು ದಿನ ಬಿಟ್ಟು ಸಾಹೇಬರು ಮೂರನೆಯ ಕಂಬದ ಜಾಗದಲ್ಲಿ ತೋಡಿಸಿದರು. ಫಿಟ್ಟರ್ ಅಜ್ಜನಿಗೆ ನೆರಳಲ್ಲಿ ಖುರ್ಚಿ ಹಾಕಿಸಿದ್ದೆ. ಒಂದಾಳು ಆಳದವರೆಗೆ ಬರೀ ಮಣ್ಣು. ಮ್ಯಾನೇಜರ್ ನನ್ನ ಕಡೆ ನೋಡಿ ನಕ್ಕರು. ಅಜ್ಜ ಮಾತ್ರ, "ಇನ್ನೊಂದು ನಾಕು ಬುಟ್ಟಿ ತಗೀರಿ," ಎಂದರು. ಮುಂದಿನ ಬುಟ್ಟಿಯಲ್ಲಿ ಕರಿ ಬೂದಿ ಬಂತು. ಆಮೇಲೆ ಸಲಿಕೆ ಹಾಕಿದಲ್ಲೆಲ್ಲ ಬೂದಿಯೇ. ಗುಂಡಿಯೊಳಗಿದ್ದ ಆಳು ಕಾಲು ಇಳಿಯುತ್ತಿದೆ ಎಂದು ಹೆದರಿ ಮೇಲೆ ಬಂದ. ಸಾಹೇಬರು ಕಂಬವನ್ನು ಸರಿಸಲು ಹೇಳಿದರು.

ಮ್ಯಾನೇಜರ್ ಮರುದಿನ ನನ್ನ ಕಂಪ್ಯೂಟರ್ ತೆಗೆಸಿದರು. "ಲೆಟರ್ ಕೊಡ್ರಿ, ಹೋಗ್ತೇನಿ," ಎಂದೆ. ಅವರು ಕೊಡಲಿಲ್ಲ, ನಾನು ಹೋಗಲಿಲ್ಲ. ಮೂರು ದಿನ ಖಾಲಿ ಟೇಬಲ್ಲಿನ ಮುಂದೆ ಬುತ್ತಿ ಕಟ್ಟಿಕೊಂಡು ಹೋಗಿ ಕುಂತೆ. ನಾಲ್ಕನೆಯ ದಿನ ರೈಲ್ವೆಯಿಂದ ಪತ್ರ ಬಂತು: ನೆಲದೊಳಗಿನದ್ದನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಬೇಕು, ಯಾರು ಹೇಳಿದ್ದು ಎಂಬುದನ್ನೂ ಮಾಡೆಲ್ಲಿನಲ್ಲಿ ಬರೆಯಬೇಕು. ಕಂಪ್ಯೂಟರ್ ವಾಪಸ್ ಬಂತು. ನಾನು ಮೊದಲು ಪಾಸ್‌ವರ್ಡು ಬದಲಿಸಿದೆ.

ಮ್ಯಾನೇಜರ್ ಇನ್ನೂ ಅವರೇ. ಸ್ಟೇಶನ್ನಿನ ಮುಖ್ಯ ಕಟ್ಟಡ ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟರು, ನನಗೆ ಪಾಯಖಾನೆ ಮತ್ತು ಗೋದಾಮು ಬಂದವು. ಶಿಕ್ಷೆ ಎಂದು ಅವರು ತಿಳಿದಿದ್ದಾರೆ. ಪಾಯಖಾನೆಯ ಗಟಾರಿನ ಕಲ್ಲು ಎತ್ತಿಸಿ, ಮೂಗಿಗೆ ಸೆರಗು ಸುತ್ತಿಕೊಂಡು, ಬಗ್ಗಿ ನೋಡಿ ಅಳೆಯುತ್ತೇನೆ. ಎತ್ತಲು ಬಾರದ ಕಲ್ಲಿನ ಕೆಳಗಿನದ್ದು ಬೂದಾಗಿಯೇ ಇರುತ್ತದೆ. ಯಾವಾಗ ಹಸಿರಾಗತೈತಿ ಎಂದು ಅವರು ವಾರಕ್ಕೊಮ್ಮೆ ಕೇಳುತ್ತಾರೆ. ಕಲ್ಲು ಎತ್ತಿಸ್ರಿ, ನೋಡಿ ಹೇಳ್ತೇನಿ ಎನ್ನುತ್ತೇನೆ.