ಬೊಡ್ಡೆಗಾಗಿ ಕಾದ ಗುಂಡು

ನೆಸ್ತೊರಿ ಪುಹಕ್ಕಾ ಅಳಿಲು ಹೊಡೆಯುವುದನ್ನು ಒಮ್ಮೆ ನೋಡಿದವರು ಮರೆಯುತ್ತಿರಲಿಲ್ಲ. ಅಳಿಲು ಕಂಡ ಕೂಡಲೇ ಅವನು ಬಂದೂಕು ಎತ್ತುತ್ತಿರಲಿಲ್ಲ. ಅದು ಕೊಂಬೆಯಿಂದ ಕೊಂಬೆಗೆ ಓಡಿ, ಕೊನೆಗೆ ಮರದ ಬೊಡ್ಡೆಗೆ ಒತ್ತಿ ಕೂರುವವರೆಗೆ ಹಿಮದಲ್ಲಿ ನೆಟ್ಟ ಗೂಟದಂತೆ ನಿಂತಿರುತ್ತಿದ್ದ. ಗುಂಡು ತಲೆಗೆ ತಾಗಬೇಕು, ತುಪ್ಪಳ ಕೆಡಬಾರದು, ಸೀಸ ಹಿಂದಿನ ಬೊಡ್ಡೆಯಲ್ಲಿ ಸಿಕ್ಕಿಕೊಳ್ಳಬೇಕು. ಅದನ್ನು ಚಾಕುವಿನಿಂದ ಕೆತ್ತಿ ತೆಗೆದು, ಮನೆಯಲ್ಲಿ ಕರಗಿಸಿ, ಮತ್ತೆ ಗುಂಡು ಎರಕ ಹೊಯ್ಯಬೇಕು. ಕಿಯಾಂತಾ ಸರೋವರದ ಸುತ್ತ ಬೇಟೆಗಾರರೆಲ್ಲ ಮಾಡುತ್ತಿದ್ದುದು ಹೀಗೆಯೇ. ಬೊಡ್ಡೆ ಹಿಂದಿಲ್ಲದಾಗ ಹಾರಿಸಿದ ಗುಂಡು ಕಾಡಿನ ಪಾಲು. ಹಾಗೆ ಪುಹಕ್ಕಾ ಒಂದು ಗುಂಡನ್ನೂ ಹಾರಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಜಾರ್ ದೊರೆಯ ಕೊನೆಯ ವರ್ಷಗಳಲ್ಲಿ ನಮ್ಮ ಕಡೆ ಸ್ಕೀ ಓಟವನ್ನೂ ಗುರಿ ಹೊಡೆತವನ್ನೂ ಸೇರಿಸಿದ ಸ್ಪರ್ಧೆ ಶುರುವಾಯಿತು. ಮೊದಲ ವರ್ಷ ಪುಹಕ್ಕಾ ಎಲ್ಲರಿಗಿಂತ ಮುಂಚೆ ಗುರಿಯ ಜಾಗ ತಲುಪಿದ. ಮೊದಲ ಗುಂಡು ಹಲಗೆಯ ಕಪ್ಪು ಚುಕ್ಕಿಗೇ ಬಿತ್ತು. ಎರಡನೆಯದನ್ನು ತುಂಬುವ ಬದಲು ಅವನು ಬಂದೂಕು ಹೆಗಲಿಗೇರಿಸಿ ಸೀದಾ ಹಲಗೆಯ ಹತ್ತಿರ ಹೋದ. ಸೊಂಟದ ಚಾಕು ಎಳೆದು ಗುಂಡು ಕೆತ್ತತೊಡಗಿದ. ಪಕ್ಕದ ಹಲಗೆಗೆ ಗುರಿಯಿಟ್ಟಿದ್ದವರು ಹೌಹಾರಿ ಬಂದೂಕು ಇಳಿಸಿದರು. ತೀರ್ಪುಗಾರರು ಅವನನ್ನು ಅಲ್ಲೇ ಆಟದಿಂದ ಹೊರಗೆ ಹಾಕಿದರು.

"ಕೈ ತಾನಾಗೇ ಹೋಯ್ತು," ಎಂದಷ್ಟೇ ಅವನು ಹೆಂಡತಿ ಹಿಲ್ಮಾಗೆ ಹೇಳಿದ.

ಮರುವರ್ಷ ಗೆದ್ದವನನ್ನು ದಕ್ಷಿಣದ ದೊಡ್ಡ ಸ್ಪರ್ಧೆಗೆ ಕಳಿಸುವುದಾಗಿ ಸ್ಪರ್ಧೆ ನಡೆಸುವ ಸಂಘದವರು ಸಾರಿದರು. ಅದರ ಮುಂದಿನ ವರ್ಷದಿಂದ ನಲವತ್ತು ದಾಟಿದವರಿಗೆ ಪ್ರವೇಶವಿಲ್ಲವೆಂದೂ ಹೇಳಿದರು. ಪುಹಕ್ಕಾಗೆ ಆಗಲೇ ನಲವತ್ತಾಗಿತ್ತು. ಅವನಿಗೆ ಉಳಿದದ್ದು ಈ ಒಂದೇ ಓಟ.

ಹೊರಡುವ ಗೆರೆಯ ಹತ್ತಿರ ಹಿಲ್ಮಾ ಕೈ ಚಾಚಿದಳು.

"ಚಾಕು ಕೊಡಿಲ್ಲಿ."

"ಸೊಂಟದಲ್ಲಿ ಚಾಕು ಇಲ್ದಿರೋ ಗಂಡಸು ಎಲ್ಲಾದ್ರೂ ಇರ್ತಾನಾ? ಜನ ಏನಂತಾರೆ?"

"ಹೋದ್ವರ್ಷ ಅಂದಿದ್ದು ಸಾಲ್ದಾ? ಮರ ಎಲ್ಲೂ ಓಡ್ಹೋಗಲ್ಲ. ಕೊಡು."

ಪಕ್ಕದಲ್ಲಿ ನಿಂತಿದ್ದವನು ಕಮ್ಮಾರ ವಾಲ್‌ಫ್ರಿಡ್ ತೋಲೋನೆನ್, ಪುಹಕ್ಕಾಗಿಂತ ಹದಿನೈದು ವರ್ಷ ಚಿಕ್ಕವನು. "ಏನ್ ಪುಹಕ್ಕಾ, ಪ್ಯಾಂಟೂ ಬಿಚ್ಚಿಸ್ಕೊಂಡ್ಳಾ ಹೆಂಗೆ?" ಎಂದ.

"ಪ್ಯಾಂಟು ಇರ್ಲಿ ಬಿಡಪ್ಪ," ಎಂದಳು ಹಿಲ್ಮಾ. "ಹಿಂದಿಂದ ಬರೋನಿಗೆ ಗುರುತು ಬೇಕಲ್ಲ."

ತೋಲೋನೆನ್‌ನದು ಎರಡೂ ಸಮ ಉದ್ದದ ಹೊಸ ಸ್ಕೀ, ಒಂದೊಂದು ಕೈಗೂ ಒಂದೊಂದು ಕೋಲು. ಪುಹಕ್ಕಾನದು ಅಪ್ಪನ ಕಾಲದ ಜೋಡಿ: ಎಡಗಾಲಿಗೆ ಉದ್ದದ್ದು, ಬಲಗಾಲಿಗೆ ತಳದಲ್ಲಿ ಹಿಮಸಾರಂಗದ ಚರ್ಮ ಹೊಡೆದ ಗಿಡ್ಡದ್ದು. ಕೋಲು ಒಂದೇ. ಬಲಗಾಲಲ್ಲಿ ಒದ್ದು ಎಡಗಾಲಲ್ಲಿ ಜಾರುತ್ತಾ ಅವನು ಸರೋವರ ದಾಟಿದ ರೀತಿ ನೋಡಿ ದಡದ ಮುದುಕರು ಟೋಪಿ ತೆಗೆದರು. ಆದರೂ ಗುರಿಯ ಜಾಗಕ್ಕೆ ಇಬ್ಬರೂ ಜೊತೆಯಲ್ಲೇ ಬಂದರು.

ಅಷ್ಟರಲ್ಲಿ ಗಾಳಿ ಎದ್ದಿತ್ತು. ಗುರಿಯ ಹಲಗೆಗಳನ್ನು ದಪ್ಪ ಪೈನ್ ಮರಗಳ ಕೊಂಬೆಗೆ ಹಗ್ಗ ಕಟ್ಟಿ, ಬೊಡ್ಡೆಯ ಮುಂದೆ ತೂಗುಬಿಟ್ಟಿದ್ದರು. ಗಾಳಿಗೆ ಅವು ಪಕ್ಕಕ್ಕೆ ಹಾರಿ, ಗಾಳಿ ಸಡಿಲಿದಾಗ ಮತ್ತೆ ಬೊಡ್ಡೆಗೆ ಬಂದು ಒರಗುತ್ತಿದ್ದವು. ಒಬ್ಬೊಬ್ಬರಿಗೆ ಐದು ಗುಂಡು, ತಪ್ಪಿದ ಪ್ರತಿ ಗುಂಡಿಗೆ ಐದು ನಿಮಿಷದ ದಂಡ. ತೋಲೋನೆನ್ ಹಾರುವ ಹಲಗೆಗೇ ಸರಸರನೆ ಐದೂ ಗುಂಡು ಹೊಡೆದು, ಎರಡನ್ನು ಕಳೆದುಕೊಂಡು ಹೊರಟುಹೋದ.

ಪುಹಕ್ಕಾ ಪ್ರತಿ ಗುಂಡಿಗೂ ಕಾದ. ನಾಲ್ಕು ಹೊಡೆದ, ನಾಲ್ಕೂ ಚುಕ್ಕಿಗೇ ಬಿದ್ದವು. ಐದನೆಯದಕ್ಕೆ ಗಾಳಿ ಸಡಿಲಲೇ ಇಲ್ಲ. ತೋಲೋನೆನ್ ಕಾಡಿನ ತಿರುವಿನಲ್ಲಿ ಮರೆಯಾದ.

"ಹೊಡಿಯೋ! ಮಂಜುಗಡ್ಡೆ ಆಗ್ಬಿಟ್ಯಾ?" ಎಂದು ನೆರೆದ ಜನರಲ್ಲೊಬ್ಬ ಕೂಗಿದ.

"ನಿದ್ದೆ ಬಂದಿರ್ಬೇಕು, ಕಾಫಿ ಕೊಡ್ರೋ ಅವನಿಗೆ!"

ಹತ್ತಿರದ ದಾರಿಯಿಂದ ಬಂದು ಅವರ ನಡುವೆ ನಿಂತಿದ್ದ ಹಿಲ್ಮಾಳ ಮುಷ್ಟಿ ಚಾಕುವಿನ ಹಿಡಿಯ ಮೇಲೆ ಬಿಗಿದಿತ್ತು. "ಕೂಗ್ಬೇಡಿ," ಎಂದಳು. "ಬೊಡ್ಡೆ ಕಾಯ್ತಿದಾನೆ."

ಒಬ್ಬೊಬ್ಬರಾಗಿ ಎಲ್ಲರಿಗೂ ಅದು ಕಾಣತೊಡಗಿತು. ಹಲಗೆ ಹಾರಾಡುತ್ತಿತ್ತು, ಕೊಂಬೆಗಳ ಹಿಮ ಉದುರುತ್ತಿತ್ತು. ಬಂದೂಕಿನ ನಳಿಗೆ ಮಾತ್ರ ಬರಿಯ ಬೊಡ್ಡೆಯ ಒಂದು ಜಾಗಕ್ಕೆ ಕಚ್ಚಿಕೊಂಡಂತೆ ನಿಂತಿತ್ತು. ಅವನ ಹುಬ್ಬಿನ ಮೇಲೆ ಹಿಮದ ಪುಡಿ ಕೂತಿತು. ಅವನು ರೆಪ್ಪೆ ಮಿಟುಕಿಸಲಿಲ್ಲ. ಕೂಗು ತಾನಾಗಿ ನಿಂತಿತು. ಅಷ್ಟು ಜನ ಸೇರಿದ ಜಾಗದಲ್ಲಿ ಹಗ್ಗ ಕೊಂಬೆಗೆ ಉಜ್ಜುವ ಸದ್ದಷ್ಟೇ ಕೇಳುತ್ತಿತ್ತು. ಕೊನೆಗೆ ಗಾಳಿ ಸಡಿಲಿ, ಹಲಗೆ ತೂಗಿ ಬಂದು ಬೊಡ್ಡೆಗೆ ಟಪ್ಪೆಂದು ಬಡಿಯಿತು. ಆ ಟಪ್ಪಿನೊಳಗೇ ಗುಂಡಿನ ಸದ್ದೂ ಬೆರೆತುಹೋಯಿತು.

ಕಪ್ಪು ಚುಕ್ಕಿಯ ನಡುವೆ ಐದನೆಯ ತೂತು ಬಿದ್ದಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚರ್ಚಿನೊಳಗೆ ನಿಂತಂತೆ ನಿಂತಿದ್ದರು.

ಗೆರೆಯನ್ನು ತೋಲೋನೆನ್ ಮೊದಲು ದಾಟಿದ. ದಂಡದ ನಿಮಿಷಗಳನ್ನು ಕೂಡಿದಾಗ ಗೆದ್ದವನು ಪುಹಕ್ಕಾ. ಹೆಸರು ಕೂಗಿದಾಗ ಅವನು ಅಲ್ಲಿರಲಿಲ್ಲ. ಹಿಲ್ಮಾಳ ಕೈಯಿಂದ ಚಾಕು ಇಸಿದುಕೊಂಡು ಗುರಿಯ ಮರಕ್ಕೆ ವಾಪಸು ಹೋಗಿದ್ದ. ತೋಲೋನೆನ್ ಹುಡುಕಿಕೊಂಡು ಹೋಗಿ ನೋಡಿದ. ಐದೂ ಸೀಸಗಳು ಒಂದು ಅಂಗೈ ಮುಚ್ಚುವಷ್ಟು ಜಾಗದಿಂದಲೇ ಹೊರಬಂದವು. ಅವನು ಪುಹಕ್ಕಾನ ಬಂದೂಕು ಹಿಡಿದುಕೊಂಡು ನಿಂತ.

ಪುಹಕ್ಕಾ ದಕ್ಷಿಣಕ್ಕೆ ಹೋಗಿ ಮೂರನೆಯವನಾಗಿ, ಬೆಳ್ಳಿ ಚಮಚ ಗೆದ್ದು ಬಂದ. ಅಲ್ಲಿ ಹೇಗಿತ್ತೆಂದು ಊರವರು ಕೇಳಿದರೆ, ನಗರದ ಬಗ್ಗೆಯಾಗಲಿ ರೈಲಿನ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ.

"ಗುರಿ ಹಿಂದೆ ಮಣ್ಣಿನ ದಿಬ್ಬ ಕಣ್ರೋ," ಎಂದ, ಕಣ್ಣರಳಿಸಿ. "ಒಳಗೆ ಬರೀ ಸೀಸ. ವರ್ಷಗಟ್ಲೆ ಹೊಡ್ದಿದಾರೆ, ಒಬ್ರೂ ತೆಗ್ದಿಲ್ಲ!"

"ಅಲ್ಲಿಗೂ ಚಾಕು ಕೊಟ್ಟು ಕಳಿಸ್ಲಿಲ್ಲ ನಾನು," ಎಂದಳು ಹಿಲ್ಮಾ, ಕಾಫಿ ಬಗ್ಗಿಸುತ್ತಾ. "ಕಳಿಸಿದ್ರೆ ಇನ್ನೂ ಅಲ್ಲೇ ಅಗೀತಿರ್ತಿದ್ದ."