ತಡವಾಗಿ ಬರೆದ ನಮೂದು

ಮಾತ್ರೆ ತಯಾರಿಸುವ ಕಾರ್ಖಾನೆಗಳಲ್ಲಿ ಒಂದು ನಿಯಮವಿದೆ. ಬರೆದಿಡದ ಕೆಲಸ ನಡೆದೇ ಇಲ್ಲ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ, ಗುಣಮಟ್ಟ ವಿಭಾಗದ ಮುಖ್ಯಸ್ಥನಾಗಿ, ಹತ್ತೊಂಬತ್ತು ವರ್ಷ ನಾನು ಈ ನಿಯಮವನ್ನು ಪಾಠ ಮಾಡಿದ್ದೇನೆ. ಹೊಸಬರನ್ನು ಕೂರಿಸಿಕೊಂಡು ಮೊದಲು ಕೇಳುತ್ತಿದ್ದೆ: ಕೈ ತೊಳೆದಿರಾ? ತೊಳೆದದ್ದನ್ನು ಬರೆದಿರಾ? ಬರೆದಿಲ್ಲವಾದರೆ ತೊಳೆದಿಲ್ಲ. ಅವರು ನಗುತ್ತಿದ್ದರು. ಆ ಪಾಠದಿಂದಾಗಿಯೇ ನನಗೆ ಅಲ್ಲಿ ಮ್ವಾಲಿಮು ಎಂಬ ಹೆಸರು ಬಂತು. ಸ್ವಾಹಿಲಿಯಲ್ಲಿ ಮೇಷ್ಟ್ರು ಎಂದರ್ಥ.

ಆ ಹೆಸರಿಟ್ಟಾಕೆ ಮಾತ್ರೆಗಳನ್ನು ಬಾಟಲಿಗೆ ತುಂಬುವ ಲೈನಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ವಯಸ್ಸು ಐವತ್ತರ ಹತ್ತಿರ. ಪ್ಯಾಕಿಂಗ್ ವಿಭಾಗಕ್ಕೆ ಯೂನಿಯನ್ನಿನ ಪ್ರತಿನಿಧಿಯೂ ಆಕೆಯೇ. ಯಾರ ಮೇಲಾದರೂ ವಿಚಾರಣೆ ನಡೆದರೆ ಅವರ ಪಕ್ಕದ ಕುರ್ಚಿಯಲ್ಲಿ ಆಕೆ ಕೂರುತ್ತಿದ್ದಳು. ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವ ಹಾಗೆ ನಾನು ಆಕೆಯನ್ನು ಮಾಮಾ, ಅಂದರೆ ಅಮ್ಮ, ಎನ್ನುತ್ತಿದ್ದೆ. ಅರ್ಧ ಸ್ವಾಹಿಲಿ, ಅರ್ಧ ಇಂಗ್ಲಿಷಿನಲ್ಲಿ ನಮ್ಮ ಮಾತು ನಡೆಯುತ್ತಿತ್ತು.

ಒಂದು ಮಂಗಳವಾರ, ಹನ್ನೊಂದು ಗಂಟೆಯ ಚಹಾದ ವೇಳೆಯಲ್ಲಿ, ಬಟ್ಟೆ ಬದಲಾಯಿಸುವ ಕೋಣೆಯ ಹೊರಗಿನ ಓಣಿಯಲ್ಲಿ ಆಕೆ ನನ್ನನ್ನು ತಡೆದಳು.

"ಮ್ವಾಲಿಮು, ನಮ್ಮ ಲೈನಿನ ಧೂಳು ಹೀರುವ ಕೊಳವೆ ಸೀಳಿಹೋಗಿದೆ. ಪುಡಿ ಮಾಸ್ಕಿನ ಒಳಗೂ ಬರ್ತಿದೆ. ಹುಡುಗಿಯರು ಕೆಮ್ಮುತ್ತಿದ್ದಾರೆ."

ಆ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಬ್ರಿಟನ್ನಿನಿಂದ ಮಗಳ ವಿಡಿಯೊ ಕರೆ. ಅವಳು ಅಲ್ಲಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಡಾಕ್ಟರಾಗಲಿ ಎಂದು ನಾವು ಬಯಸಿದ್ದೆವು; ಅವಳು ಕೇಳಲಿಲ್ಲ. ಅಂದು ಅವರ ಮುಷ್ಕರದ ಮೊದಲ ದಿನ. ಅಲ್ಲಿ ಬೆಳಿಗ್ಗೆ ಎಂಟು ಗಂಟೆ. ಆಸ್ಪತ್ರೆಯ ಗೇಟಿನ ಎದುರು, ಚಳಿಯಲ್ಲಿ, ಕೆಂಪು ಉಣ್ಣೆಯ ಟೋಪಿ ಹಾಕಿಕೊಂಡು, ಕೈಯಲ್ಲಿ ರಟ್ಟಿನ ಫಲಕ ಹಿಡಿದು ನಿಂತಿದ್ದಳು. ಇಡೀ ವಾರ್ಡಿಗೆ ಇಬ್ಬರೇ ನರ್ಸ್ ಎಂದು ಅದರಲ್ಲಿ ಬರೆದಿತ್ತು. ಹಾದು ಹೋಗುವ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಪ್ರತಿ ಹಾರ್ನಿಗೂ ಅವರೆಲ್ಲ ಕೂಗುತ್ತಿದ್ದರು.

ನನಗೆ ಹೆಮ್ಮೆಯಾಯಿತು. ಪರದೆಯನ್ನು ಮಾಮಾಳತ್ತ ತಿರುಗಿಸಿದೆ.

"ನನ್ನ ಮಗಳು. ಸ್ಟ್ರೈಕ್ ಮಾಡ್ತಿದ್ದಾಳೆ."

ಆಕೆ ಚಹಾದ ಲೋಟ ಹಿಡಿದೇ ಬಗ್ಗಿ ನೋಡಿದಳು. "ಅಯ್ಯೋ, ನಿಮ್ಮ ಮನೆಯಲ್ಲೇ ಯೂನಿಯನ್ನಿನವಳೊಬ್ಬಳನ್ನ ಇಟ್ಕೊಂಡು ನಮಗೆ ಪಾಠ ಹೇಳ್ತಿದ್ದೀರಲ್ಲ!" ಎಂದು ನಕ್ಕಳು. ಮಗಳೂ ನಕ್ಕು ಕೈ ಬೀಸಿದಳು. ಕರೆ ಇನ್ನೂ ಮುಗಿದಿರಲಿಲ್ಲ, ಆಕೆ ನನ್ನ ಜೇಬಿನತ್ತ ಬೆರಳು ತೋರಿಸಿದಳು. "ಇವತ್ತು ಪೆನ್ನಿಗೆ ರಜೆಯಾ ಮ್ವಾಲಿಮು? ಕೊಳವೆಯ ವಿಷಯ?"

"ಲಾಗ್ ಬುಕ್ ಒಳಗಿದೆ. ಟೀ ಆದ ಮೇಲೆ ಬರೀತೀನಿ."

ಬರೆಯಲಿಲ್ಲ. ಮಧ್ಯಾಹ್ನ ಬೇರೊಂದು ಬ್ಯಾಚಿನ ತಕರಾರು ಬಂತು. ಬುಧವಾರ ನಾನು ಹೊರಗಿದ್ದೆ. ಇವು ಕಾರಣಗಳೇ ಹೊರತು ನೆಪಗಳಲ್ಲ ಎಂದು ಆಗ ಅಂದುಕೊಂಡಿದ್ದೆ.

ಗುರುವಾರ ಬೆಳಿಗ್ಗೆ ಲೈನಿನಲ್ಲಿ ಒಬ್ಬ ಹುಡುಗಿ ಕೆಮ್ಮಿ ಕೆಮ್ಮಿ ನೆಲದ ಮೇಲೆ ಕೂತುಬಿಟ್ಟಳು. ಮಾಮಾ ಕೆಂಪು ಗುಂಡಿ ಒತ್ತಿ ಲೈನ್ ನಿಲ್ಲಿಸಿದಳು. ನಿಂತದ್ದು ಹತ್ತು ಗಂಟೆ ನಲವತ್ತು ನಿಮಿಷಕ್ಕೆ. ಮತ್ತೆ ಶುರುವಾದದ್ದು ಹನ್ನೊಂದು ಇಪ್ಪತ್ತೈದಕ್ಕೆ. ಇವೆರಡೂ ದಾಖಲೆಯಲ್ಲಿ ಇವೆ. ಆ ನಲವತ್ತೈದು ನಿಮಿಷ ಮಾತ್ರೆಗಳು ತೆರೆದೇ ಬಿದ್ದಿದ್ದರಿಂದ ಬ್ಯಾಚನ್ನು ತಿರಸ್ಕರಿಸಿದ್ದು ನಾನೇ. ನಿಯಮದ ಪ್ರಕಾರ ಅದು ಸರಿ. ಅನುಮತಿಯಿಲ್ಲದೆ ಕೆಲಸ ನಿಲ್ಲಿಸಿದ ಆರೋಪದ ಮೇಲೆ ಸೋಮವಾರ ಆಕೆಯ ವಿಚಾರಣೆ ಎಂದು ಶುಕ್ರವಾರ ನೋಟಿಸ್ ಹಚ್ಚಿದರು. ಆರೋಪ ಸಾಬೀತಾದರೆ ಕೆಲಸ ಹೋಗುತ್ತದೆ. ಕೊಳವೆಯ ಬಗ್ಗೆ ಮೊದಲೇ ತಿಳಿಸಿದ್ದಳೆಂದು ಗೊತ್ತಾದರೆ ಉಳಿಯುತ್ತದೆ. ತಿಳಿಸಿದ್ದು ನನಗೆ ಮಾತ್ರ.

ಕಾರ್ಖಾನೆಯ ಮ್ಯಾನೇಜರು ಬೆಂಗಳೂರಿನವರು, ನನಗಿಂತ ಚಿಕ್ಕವರು. ಯುಗಾದಿಗೆ ನಮ್ಮ ಮನೆಯಲ್ಲೇ ಊಟ ಮಾಡುವವರು. ವಿಚಾರಣೆಯ ದಿನ ಬೆಳಿಗ್ಗೆ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

"ಸಾರ್, ಸುಳ್ಳು ಹೇಳಿ ಅಂತ ನಾನು ಯಾವತ್ತೂ ಕೇಳಲ್ಲ. ರೆಕಾರ್ಡ್‌ನಲ್ಲಿ ಏನಿದೆಯೋ ಅಷ್ಟೇ ಹೇಳಿ. ನೀವೇ ಕಲಿಸಿದ್ದಲ್ವಾ?"

"ಹೂಂ."

ಎದ್ದವರು ಬಾಗಿಲ ಹತ್ತಿರ ತಿರುಗಿದರು. "ಆಮೇಲೆ, ನಿಮ್ಮ ವರ್ಕ್ ಪರ್ಮಿಟ್ ಫೈಲ್ ನನ್ನ ಟೇಬಲ್ ಮೇಲಿದೆ. ಈ ವಾರ ಸೈನ್ ಮಾಡಿ ಕಳಿಸ್ತೀನಿ ಸಾರ್. ಟೆನ್ಷನ್ ಮಾಡ್ಕೋಬೇಡಿ."

ನಮ್ಮಂಥವರ ಪರ್ಮಿಟ್ಟು ಕಂಪನಿಯ ಹೆಸರಿನಲ್ಲಿರುತ್ತದೆ. ಕಂಪನಿ ಬಿಟ್ಟರೆ ದೇಶವನ್ನೂ ಬಿಡಬೇಕು. ಅದನ್ನು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇತರರ ಪಕ್ಕ ಕೂರುತ್ತಿದ್ದವಳ ಪಕ್ಕ ಅಂದು ಗೋದಾಮಿನ ಒಬ್ಬ ಹಳೆಯ ನೌಕರ ಕೂತಿದ್ದ. ಸಿಬ್ಬಂದಿ ವಿಭಾಗದ ಅಧಿಕಾರಿ ನನ್ನನ್ನು ಕೇಳಿದರು: ಗುರುವಾರಕ್ಕೂ ಮೊದಲು ಕೊಳವೆಯ ಬಗ್ಗೆ ದೂರು ದಾಖಲಾಗಿತ್ತೇ?

"ದಾಖಲೆಯಲ್ಲಿ ಇಲ್ಲ," ಎಂದೆ.

ಮಾಮಾ ನನ್ನತ್ತ ತಿರುಗಿದಳು. ಅವಳಿಗೆ ಕೋಪ ಬಂದಿರಲಿಲ್ಲ. ನಾನು ಮರೆತಿದ್ದೇನೆ, ನೆನಪಿಸಿದರೆ ಸಾಕು ಎಂಬ ಹಾಗೆ ಕೇಳಿದಳು. "ಮ್ವಾಲಿಮು, ಮಂಗಳವಾರ ಟೀ ಹೊತ್ತಲ್ಲಿ ನಾನು ನಿಮಗೆ ಹೇಳಿದೆನಲ್ಲ?"

ಆಗ ಹೌದು ಎನ್ನಲು ನನಗೆ ಬಾಯಿಯಿತ್ತು. "ದಾಖಲೆಯಲ್ಲಿ ಅಂಥದ್ದು ಇಲ್ಲ," ಎಂದೆ. ಎರಡನೆಯ ಸಲ ಹೇಳುವಾಗ ನನ್ನ ದನಿ ಮೊದಲಿಗಿಂತ ಸ್ಪಷ್ಟವಾಗಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ.

ಆಕೆ ಮೇಜಿನ ಮೇಲಿದ್ದ ತನ್ನ ಕಾಗದಗಳನ್ನು ಜೋಡಿಸಿಕೊಂಡಳು. "ಸವಾ," ಎಂದಳು. ಆಗಲಿ ಎಂದು. ಮಧ್ಯಾಹ್ನಕ್ಕೆ ಗೇಟಿನ ಬಳಿ ಗುರುತಿನ ಕಾರ್ಡು ವಾಪಸು ಕೊಟ್ಟು ಹೋದಳು.

ಮುಂದಿನ ಭಾನುವಾರ ಮಗಳು ಫೋನು ಮಾಡಿದಳು. ಅವಳು ಬೆಳೆದದ್ದು ನೈರೋಬಿಯಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಅವಳ ಆಸ್ಪತ್ರೆಯಲ್ಲಿ ನೆಲ ಒರೆಸುವ ಒಬ್ಬಾಕೆಯ ವಿಚಾರಣೆಗೆ ಯೂನಿಯನ್ ಕಡೆಯಿಂದ ತಾನೇ ಪಕ್ಕದಲ್ಲಿ ಕೂತಿದ್ದೆ, ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು ಎಂದು ಸಂಭ್ರಮದಿಂದ ಹೇಳಿದಳು. ಆಮೇಲೆ ಕೇಳಿದಳು, ಆವತ್ತು ಚಹಾ ಹಿಡಿದುಕೊಂಡು ನಕ್ಕ ಆಂಟಿ ಹೇಗಿದ್ದಾರೆ?

ಹೇಳಿದೆ. ಕೊಳವೆ, ಗುಂಡಿ, ವಿಚಾರಣೆ, ಎಲ್ಲವನ್ನೂ ಸಮಯದ ಸಮೇತ. ಅವಳು ಮಧ್ಯದಲ್ಲಿ ತಡೆದಳು. ಅಂದು ಕನ್ನಡದಲ್ಲೇ ಕೇಳಿದಳು.

"ಅಪ್ಪ, ಅವರು ನಿಂಗೆ ಹೇಳಿದ್ರಾ, ಇಲ್ವಾ?"

"ಹೇಳಿದ್ದರು. ಆದರೆ ರೆಕಾರ್ಡ್‌ನಲ್ಲಿ..."

"ನಾನೂ ಅಲ್ಲೇ ಇದ್ದೆನಲ್ಲಪ್ಪ, ಫೋನಲ್ಲಿ."

ಶಿಫ್ಟಿಗೆ ಹೊತ್ತಾಯಿತು ಎಂದು ಫೋನಿಟ್ಟಳು. ಆಮೇಲಿನ ಭಾನುವಾರಗಳಲ್ಲಿ ಅವಳ ಕರೆ ಅವಳ ಅಮ್ಮನ ಫೋನಿಗೆ ಬರುತ್ತದೆ. ಕೊನೆಯಲ್ಲಿ ಫೋನು ನನ್ನ ಕೈಗೆ ಬರುತ್ತದೆ. ಬಿಪಿ ಮಾತ್ರೆ ತಗೊಂಡ್ಯಾ ಎಂದು ಕೇಳುತ್ತಾಳೆ, ಇಡುತ್ತಾಳೆ.

ನಮ್ಮ ನಿಯಮದಲ್ಲಿ ಮರೆತದ್ದನ್ನು ಸೇರಿಸಲು ಒಂದು ದಾರಿಯಿದೆ. ಹಳೆಯ ತಾರೀಖು ಹಾಕುವಂತಿಲ್ಲ. ಬರೆದ ದಿನದ ತಾರೀಖು, ಸಹಿ, ತಡವಾದದ್ದಕ್ಕೆ ಕಾರಣ, ಈ ಮೂರೂ ಇರಬೇಕು. ಮಾಮಾಳನ್ನು ಕೆಲಸದಿಂದ ತೆಗೆದ ಒಂಬತ್ತನೆಯ ದಿನ ಲಾಗ್ ಬುಕ್ ತೆರೆದು ಬರೆದೆ. ಮಂಗಳವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಓಣಿಯಲ್ಲಿ, ಧೂಳಿನ ಕೊಳವೆ ಸೀಳಿಹೋಗಿರುವುದನ್ನು ಯೂನಿಯನ್ ಪ್ರತಿನಿಧಿ ನನಗೆ ಬಾಯಿಮಾತಿನಲ್ಲಿ ತಿಳಿಸಿದರು. ಕಾರಣ ಎಂಬ ಕಡೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. "ಮೊದಲು ಮರೆವು, ಆಮೇಲೆ ಭಯ" ಎಂದು ಬರೆದೆ.

ಮ್ಯಾನೇಜರು ಓದಿ ತಲೆಯೆತ್ತಿದರು. "ಸಾರ್, ಏನಿದು? ಅಪೀಲಿಗೆ ಏಳೇ ದಿನ ಇದ್ದದ್ದು. ಅದು ಮುಗಿದುಹೋಯ್ತು. ಇದರಿಂದ ಆಕೆಗೂ ಉಪಯೋಗವಿಲ್ಲ, ನಿಮಗೂ ಇಲ್ಲ." ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿ ಬೇಜಾರಾಗಿತ್ತು ಅವರಿಗೆ.

ಪುಟದ ಪ್ರತಿ ಮಾಡಿಸಿಕೊಂಡು ಮಾಮಾಳನ್ನು ಹುಡುಕಿಕೊಂಡು ಹೋದೆ. ಸಿರಿವಂತರ ಬಡಾವಣೆಯಾದ ರುಂಡಾದ ಮನೆಗಳಲ್ಲಿ ದಿನಗೂಲಿಗೆ ಬಟ್ಟೆ ಒಗೆಯುತ್ತಿದ್ದಾಳೆಂದು ಲೈನಿನ ಹುಡುಗಿಯರು ಹೇಳಿದ್ದರು. ಮಧ್ಯಾಹ್ನ ಮಟಾಟು, ಅಂದರೆ ಬಾಡಿಗೆ ವ್ಯಾನು, ನಿಲ್ಲುವ ಕಡೆ ಸಿಕ್ಕಳು. ಕೈಬೆರಳುಗಳು ಸೋಪಿನ ನೀರಿಗೆ ಸುಕ್ಕಾಗಿದ್ದವು. ಕಾಗದವನ್ನು ನಿಂತೇ ಓದಿದಳು, ಎರಡು ಸಲ. ಎರಡನೆಯ ಸಲ ಬೆರಳಿಟ್ಟುಕೊಂಡು.

"ಕೋರ್ಟಿನಲ್ಲಿ ಯೂನಿಯನ್ನಿನವರು ಕೇಸು ಹಾಕಿದ್ದಾರೆ. ಕರೆದರೆ ಬಂದು ಇದನ್ನೇ ಹೇಳ್ತೀರಾ?"

"ಹೇಳ್ತೀನಿ."

"ಯಾವಾಗ ಕರೀತಾರೋ. ವರ್ಷಗಟ್ಟಲೆ ಆಗುತ್ತಂತೆ." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟಳು. "ಹನ್ನೊಂದು ಹತ್ತು. ಸಮಯ ಸರಿಯಾಗಿ ಬರೆದಿದ್ದೀರಿ. ಕೊಳವೆ?"

"ಬದಲಾಯಿಸಿದರು. ಹೊಸದು."

"ಹುಡುಗಿಯರ ಕೆಮ್ಮು?"

"ನಿಂತಿದೆ."

ಆಕೆ ತಲೆಯಾಡಿಸಿದಳು. ಮಟಾಟು ಬಂದು ನಿಂತಿತು. ಕಂಡಕ್ಟರ್ ಬಾಗಿಲಿನ ತಗಡನ್ನು ಬಡಿದು ಕೂಗುತ್ತಿದ್ದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಆಕೆ ತಿರುಗಿದಳು.

"ನಿಮ್ಮ ಮಗಳು, ಆ ಕೆಂಪು ಟೋಪಿಯವಳು. ಅವರ ವಾರ್ಡಿಗೆ ಹೆಚ್ಚು ನರ್ಸುಗಳನ್ನು ಕೊಟ್ಟರಾ?"

"ಗೊತ್ತಿಲ್ಲ," ಎಂದೆ. ಗೊತ್ತಿರಲಿಲ್ಲ. ಮಗಳು ಈಗ ಅಂಥದ್ದನ್ನೆಲ್ಲ ನನಗೆ ಹೇಳುವುದಿಲ್ಲ.

"ಕೇಳಿ," ಎಂದಳು ಆಕೆ, ಒಳಗೆ ಹೋಗುತ್ತಾ. "ನನಗೋಸ್ಕರ ಕೇಳಿ."